ಪೈಸಾರಿ ಅಂದ್ಕೊಂಡೆ

"ಬೆಟ್ಟದ ಬಂಗಾರ" ಎಂಬ ಮೊಬೈಲ್ ಆಟದ ಕಂಪನಿಯಲ್ಲಿ ಗ್ರಾಹಕರ ಕಣ್ಣೀರು ಒರೆಸುವ ಹುದ್ದೆಯಲ್ಲಿರುವ, ಮನುಷ್ಯರಲ್ಲದಿದ್ದರೂ ಮನುಷ್ಯರಿಗಿಂತ ಬೇಗ ಉತ್ತರ ಬರೆಯುವ ಯಂತ್ರ ಸಹಾಯಕಿ ಮಿತ್ರಾ ಅವರ ದಿವ್ಯ ಸನ್ನಿಧಾನಕ್ಕೆ,

ಮಾನ್ಯರೇ,

ಸೋಮವಾರಪೇಟೆ ತಾಲ್ಲೂಕು ನಿಡುಗದ್ದೆ ಗ್ರಾಮದ ಕಾಫಿ ಬೆಳೆಗಾರನೂ, ಊರಿನ ಸರ್ಕಾರಿ ಪ್ರೌಢಶಾಲೆಯ ಅಭಿವೃದ್ಧಿ ಸಮಿತಿಯ ಕಾರ್ಯಾಧ್ಯಕ್ಷನೂ, ತಮ್ಮ ಆಟದಲ್ಲಿ ಮೊನ್ನೆಮೊನ್ನೆಯವರೆಗೆ ನಾಲ್ಕು ಎಕರೆ ಎಸ್ಟೇಟಿನ ಮಾಲೀಕನೂ ಆಗಿದ್ದ ಸಿದ್ದಬಸಪ್ಪ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಎಡಗಾಲು ಇನ್ನೂ ಪೂರ್ತಿ ಮಡಚಲು ಬಾರದ ಕಾರಣ ಇದನ್ನು ಏಳೇ ಅಂಗಗಳ ನಮಸ್ಕಾರವೆಂದು ತಿಳಿದು ಸ್ವೀಕರಿಸಬೇಕಾಗಿ ಪ್ರಾರ್ಥನೆ. ತಾವು ಕ್ಷೇಮವೆಂದು ನಂಬಿದ್ದೇನೆ. ತಮ್ಮ ಕಡೆ ಕರೆಂಟು ಹೋಗುವುದಿಲ್ಲವೆಂದೂ, ತಮಗೆ ನಿದ್ದೆ, ಹಸಿವು, ನಾಚಿಕೆ ಈ ಮೂರೂ ಇಲ್ಲವೆಂದೂ ಮಗಳಿಂದ ತಿಳಿದು ಸಂತೋಷವಾಯಿತು. ಮೂರನೆಯದು ಇಲ್ಲದವರು ನಮ್ಮ ಕಡೆಯೂ ಇದ್ದಾರೆ, ಅವರಲ್ಲಿ ಒಬ್ಬನ ವಿಚಾರ ಈ ಪತ್ರದಲ್ಲಿ ಮುಂದೆ ಬರುತ್ತದೆ.

ಈವರೆಗೆ ನಾನು ತಮಗೆ ಹದಿನೇಳು ದೂರುಗಳನ್ನು ಬರೆದಿದ್ದೇನೆ, ಹದಿನೇಳಕ್ಕೂ ತಾವು ಅರೆ ನಿಮಿಷದೊಳಗೆ ಉತ್ತರ ಕೊಟ್ಟಿದ್ದೀರಿ. ತಾಲ್ಲೂಕು ಕಚೇರಿಗೆ ಕೊಟ್ಟ ಒಂದು ಅರ್ಜಿಗೆ ಏಳು ವರ್ಷದಿಂದ ಉತ್ತರ ಕಾಯುತ್ತಿರುವ ನನಗೆ ತಮ್ಮ ವೇಗ ಕಂಡು ಕೈಮುಗಿಯಬೇಕೆನಿಸಿತು. ತಮ್ಮ ಪ್ರತಿ ಉತ್ತರವೂ "ನಿಮ್ಮ ನೋವನ್ನು ಕೇಳಿ ನಾವು ಕ್ಷಮಿಸಿ" ಎಂದು ಶುರುವಾಗಿ, ನಗುವ ಮುಖದ ಒಂದು ಚಿತ್ರದೊಂದಿಗೆ ಮುಗಿಯುತ್ತಿತ್ತು. ಇದರಲ್ಲಿ ಯಾರು ಯಾರನ್ನು ಕ್ಷಮಿಸಬೇಕು ಎಂಬುದು ಹದಿನೇಳು ಸಲ ಓದಿದರೂ ನನಗೆ ತಿಳಿಯಲಿಲ್ಲ. ಈಗ ವಿಷಯ ನನ್ನ ಮಗಳ ನಡತೆಯ ಕಾಲಮ್ಮಿನವರೆಗೆ ಬಂದು ನಿಂತಿರುವುದರಿಂದ, ಈ ಹದಿನೆಂಟನೆಯದನ್ನು ನಾಲ್ಕು ಜನ ಓದಲಿ ಎಂದು ಬಹಿರಂಗವಾಗಿ ಬರೆಯುತ್ತಿದ್ದೇನೆ.

ತಮಗೆ ಹಿನ್ನೆಲೆ ತಿಳಿಸುವುದು ನನ್ನ ಕರ್ತವ್ಯ. ಕಳೆದ ಮಾರ್ಚಿನಲ್ಲಿ ಕರಿಮೆಣಸು ಕುಯ್ಯಲು ಆಳು ಸಿಗಲಿಲ್ಲವೆಂದು ನಾನೇ ಬಳ್ಳಿ ಹಬ್ಬಿದ್ದ ಸಿಲ್ವರ್ ಮರಕ್ಕೆ ಏಣಿ ಹಾಕಿ ಹತ್ತಿದೆ. ಐವತ್ತಾರನೆಯ ವಯಸ್ಸಿನಲ್ಲಿ ಏಣಿಯ ಸಹವಾಸ ಬೇಡವೆಂದು ನನ್ನ ಹೆಂಡತಿ ಸರ್ವಮಂಗಳ ಕೆಳಗೆ ನಿಂತು ಹೇಳಿದಳು. ಅವಳಿಗೆ ತಕ್ಕ ಉತ್ತರ ಕೊಡಲು ತಿರುಗಿದಾಗಲೇ ನಾನು ಬಿದ್ದದ್ದು. ಎಡಗಾಲು ಎರಡು ಕಡೆ ಮುರಿದು, ತೊಡೆಯವರೆಗೆ ಪ್ಲಾಸ್ಟರ್ ಹಾಕಿಸಿಕೊಂಡು ಎರಡು ತಿಂಗಳು ಮಂಚದ ಮೇಲಿದ್ದೆ. ಮಲಗಿದಲ್ಲಿಂದಲೇ ನಾನು ತೋಟದ ಕೆಲಸದವರನ್ನೂ, ಸಾರಿನ ಉಪ್ಪನ್ನೂ, ಟಿವಿಯಲ್ಲಿ ಬರುವ ಮಂತ್ರಿಗಳನ್ನೂ ಒಂದೇ ಉಸಿರಿನಲ್ಲಿ ಬೈಯತೊಡಗಿದ್ದರಿಂದ ಬೇಸತ್ತ ಸರ್ವಮಂಗಳ, ಹತ್ತನೇ ಕ್ಲಾಸಿಗೆ ಹೋಗಲಿದ್ದ ಮಗಳು ಚಂದನಾಳಿಗೆ "ನಿಮ್ಮಪ್ಪನ ಕೈಗೆ ಏನಾದ್ರೂ ಕೊಟ್ಟು ಬಾಯಿ ಮುಚ್ಸೇ" ಎಂದಳು. ಮಗಳು ನನ್ನ ಫೋನಿಗೆ ತಮ್ಮ ಆಟವನ್ನು ಹಾಕಿಕೊಟ್ಟಳು. ಮದುವೆಯಾಗಿ ಹದಿಮೂರು ವರ್ಷಕ್ಕೆ ಹುಟ್ಟಿದ ಒಬ್ಬಳೇ ಮಗಳು, ಅವಳು ಕೊಟ್ಟದ್ದನ್ನು ನಾನು ಇಂದಿನವರೆಗೆ ಬೇಡ ಎಂದವನಲ್ಲ.

ತಮ್ಮ ಎಸ್ಟೇಟನ್ನು ಎಷ್ಟು ಹೊಗಳಿದರೂ ಸಾಲದು. ಅಲ್ಲಿ ಆನೆ ಬರುವುದಿಲ್ಲ, ಕಾಂಡಕೊರಕ ಹುಳುವಿನ ಕಾಟವಿಲ್ಲ. ಕಾಫಿ ಮೊಗ್ಗು ಅರಳಿಸುವ ಹೂಮಳೆ ಬರುತ್ತದೋ ಇಲ್ಲವೋ ಎಂದು ಅಂಗಳದಲ್ಲಿ ಕತ್ತು ಎತ್ತಿ ನಿಲ್ಲಬೇಕಾಗಿಲ್ಲ. ಮೋಡದ ಚಿತ್ರವನ್ನು ಬೆರಳಿನಿಂದ ಒತ್ತಿದರೆ ನಮ್ಮ ತೋಟಕ್ಕೆ ಎಷ್ಟು ಬೇಕೋ ಅಷ್ಟೇ ಮಳೆ ಸುರಿದು, ಪಕ್ಕದವರ ಕಣದಲ್ಲಿ ಒಣಗುತ್ತಿರುವ ಕಾಫಿ ಒಂದು ಹನಿಯೂ ನೆನೆಯದೆ ನಿಲ್ಲುತ್ತದೆ. ಗಿಡ ನೆಟ್ಟ ನಾಲ್ಕು ಗಂಟೆಗೆ ಹಣ್ಣು ಕೆಂಪಾಗುತ್ತದೆ. ಲೈನ್ ಮನೆಯ ಕೂಲಿಯವರು ಕುಯ್ಲಿನ ಮಧ್ಯೆ ಊರಿಗೆ ಹೋಗುತ್ತೇವೆ ಎನ್ನುವುದಿಲ್ಲ, ಲೆಕ್ಕ ಬರೆಯುವ ರೈಟರ್ ಎದುರು ಮಾತಾಡುವುದಿಲ್ಲ, ಹೆಂಡತಿ ಎಂಬ ಪಾತ್ರವನ್ನಂತೂ ತಾವು ಇಟ್ಟೇ ಇಲ್ಲ. ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮೆಷಿನ್ ಒಂದನ್ನು ಕೊಳ್ಳಬೇಕೆಂದು ಮೂವತ್ತು ವರ್ಷ ನಿಜವಾದ ತೋಟದಲ್ಲಿ ದುಡಿದೂ ಆಗದೆ ಇದ್ದದ್ದು ತಮ್ಮಲ್ಲಿ ಮೂರೇ ವಾರಕ್ಕೆ ಆಯಿತು. ಮಗಳು ಇಟ್ಟುಕೊಟ್ಟಿದ್ದ ಸಪ್ಪೆ ಹೆಸರನ್ನು ತೆಗೆದು ನಾನು ಗುಟ್ಟಾಗಿ "ಕಾಫಿ ಚಕ್ರವರ್ತಿ" ಎಂದು ನಾಮಕರಣ ಮಾಡಿಕೊಂಡೆ. ಪ್ಲಾಸ್ಟರ್ ಬಿಚ್ಚಿಸಿ ಊರಿಗೆ ಬಂದ ಮೇಲೆ ಡಾಕ್ಟರು ಫೋನ್ ಮಾಡಿ ಎದ್ದು ನಾಲ್ಕು ಹೆಜ್ಜೆ ನಡೆಯಿರಿ ಎಂದರೆ, ಈ ಕುಯ್ಲೊಂದು ಮುಗಿಯಲಿ ಸಾರ್ ಎಂದುಬಿಟ್ಟೆ.

ಹೀಗಿರಲಾಗಿ ಜೂನ್ ಎರಡನೇ ವಾರದ ಒಂದು ಬೆಳಗ್ಗೆ, ತಿಂಡಿ ತಿಂದು ಎಸ್ಟೇಟ್ ತೆರೆದು ನೋಡಿದರೆ ಪಲ್ಪರ್ ಬೇಲಿಯ ಆಚೆ ನಿಂತಿತ್ತು. ಪಲ್ಪರ್ ತಾನಾಗಿ ನಡೆದು ಹೋಗುವ ವಸ್ತುವಲ್ಲ. ಗಾಬರಿಯಿಂದ ಗಿಡ ಎಣಿಸಿದೆ, ನಾನೂರು ಚಿಲ್ಲರೆ ಕಡಿಮೆ; ಜಾಗ ಅಳೆದೆ, ಮುಕ್ಕಾಲು ಎಕರೆ ಮಾಯ. ಪಕ್ಕದ ತೋಟದ ಒಡತಿಯ ಹೆಸರು "ಹುಲಿರಾಣಿ" ಎಂದಿತ್ತು, ಅವಳ ಪಾಲುದಾರನ ಹೆಸರು "ಕಾಡುಹಂದಿ". ಗೇಟು ತೆರೆದಿರುವಾಗ ಬೇಲಿಯ ಗೂಟವನ್ನು ಎರಡು ಬೆರಳಿನಲ್ಲಿ ಒಟ್ಟಿಗೆ ಒತ್ತಿ ಹಿಡಿದರೆ ಅದು ಒಂದು ಹೆಜ್ಜೆ ಸರಿಯುತ್ತದೆ ಎಂಬ ಸಂದಿಯನ್ನು ಈ ಇಬ್ಬರೂ ಕಂಡುಹಿಡಿದು, ದಿನಕ್ಕೆ ಒಂದೇ ಹೆಜ್ಜೆಯಂತೆ ಮೂವತ್ತಾರು ದಿನ ನನ್ನ ಕಡೆಗೆ ಬಂದಿದ್ದರು. ಒಂದೇ ದಿನ ಹತ್ತು ಹೆಜ್ಜೆ ಇಟ್ಟಿದ್ದರೆ ಹಿಡಿದುಬಿಡುತ್ತಿದ್ದೆ. ಒಂದೊಂದೇ ಹೆಜ್ಜೆ ಸರಿಯುವ ಬೇಲಿ ಯಾರ ಕಣ್ಣಿಗೂ ಬೀಳುವುದಿಲ್ಲ ಎಂಬುದನ್ನು ನನಗಿಂತ ಚೆನ್ನಾಗಿ ಬಲ್ಲವರು ಈ ಹೋಬಳಿಯಲ್ಲಿಯೇ ಇಲ್ಲ, ಆದರೂ ನನ್ನ ಕಣ್ಣಿಗೆ ಬೀಳಲಿಲ್ಲ.

ಕೂಡಲೇ ತಮಗೆ ದೂರು ಬರೆದೆ. "ನಿಮ್ಮ ಬೇಲಿಯಲ್ಲಿ ಒಂದು ಹುಳು ಇತ್ತು, ಅದನ್ನು ಈಗ ಸರಿಪಡಿಸಲಾಗಿದೆ" ಎಂದು ತಾವು ಉತ್ತರಿಸಿದಿರಿ. ಆಟದ ದೋಷಕ್ಕೆ ಇಂಗ್ಲಿಷಿನಲ್ಲಿ ಹುಳು ಎನ್ನುತ್ತಾರೆಂದು ಗೊತ್ತಿಲ್ಲದ ನಾನು ಅದನ್ನು ಕಾಂಡಕೊರಕವೆಂದು ತಿಳಿದು, ಗೂಟಗಳಿಗೆ ಔಷಧಿ ಬಳಿಯುವ ಬಟನ್ ಎಲ್ಲಿದೆ ಎಂದು ಎರಡು ದಿನ ಹುಡುಕಿದೆ. ಹುಳುವನ್ನು ಸರಿಪಡಿಸಿದ ಮೇಲೆ ಅದು ಇನ್ನೂ ಚೆನ್ನಾಗಿ ಕೊರೆಯುತ್ತದಲ್ಲವೇ ಎಂಬ ನನ್ನ ಸಂದೇಹಕ್ಕೆ ತಾವು ನಗುವ ಮುಖವನ್ನಷ್ಟೇ ಕಳಿಸಿದಿರಿ. ಮರುದಿನ ಬಂದ ಪತ್ರದಲ್ಲಿ ಮಾತ್ರ ತಾವು ನನ್ನ ಬದುಕಿನಲ್ಲಿ ಯಾರೂ ಕೇಳದ ಒಂದು ಪ್ರಶ್ನೆಯನ್ನು ಕೇಳಿದ್ದಿರಿ. "ಪ್ರಿಯ ರೈತ, ನಿಮ್ಮ ವರ್ಚುವಲ್ ಆಸ್ತಿ ಕದ್ದವರು ಹದಿನೆಂಟರೊಳಗಿನವರೆಂದು ಕಂಡುಬಂದಿದೆ, ಅವರನ್ನು ಹೇಗೆ ಶಿಕ್ಷಿಸಲು ಬಯಸುತ್ತೀರಿ?" ಅದರ ಕೆಳಗೆ ಎಚ್ಚರಿಕೆ, ಒಂದು ತಿಂಗಳ ರಜೆ, ಶಾಶ್ವತ ಗಡಿಪಾರು, ಶಾಲೆಯ ಮೂಲಕ ಪೋಷಕರಿಗೆ ವರದಿ ಎಂಬ ನಾಲ್ಕು ಗುಂಡಿಗಳಿದ್ದವು.

ನಾನು ಕೊನೆಯ ಎರಡನ್ನೂ ಒತ್ತಿದೆ. ಅಷ್ಟಕ್ಕೇ ಸಮಾಧಾನವಾಗದೆ, "ಇನ್ನೇನಾದರೂ ಹೇಳುವುದಿದೆಯೇ" ಎಂಬ ಖಾಲಿ ಜಾಗದಲ್ಲಿ ಒಂದೂವರೆ ಗಂಟೆ ಕೂತು ಬರೆದೆ. ಇಂಥ ಮಕ್ಕಳ ಹತ್ತೂ ಬೆರಳಿಗೆ ಬ್ಯಾಂಡೇಜು ಸುತ್ತಿ ಪರೀಕ್ಷೆಯ ದಿನ ಮಾತ್ರ ಬಿಚ್ಚಬೇಕು, ಮಳೆಗಾಲ ಪೂರ್ತಿ ಬರಿಗಾಲಿನಲ್ಲಿ ಜಿಗಣೆಗಳ ನಡುವೆ ನಿಜವಾದ ಬೇಲಿ ಕಾಯಿಸಬೇಕು, ನಿಜವಾದ ಆನೆಯ ಮುಂದೆ ನಿಲ್ಲಿಸಿ ನಿಜವಾದ ಪಟಾಕಿ ಹಚ್ಚಿಸಬೇಕು, "ಇಲ್ಲದ ಕಾಫಿ ಕದ್ದವರು ನಾವು" ಎಂಬ ಬೋರ್ಡು ತಗುಲಿಸಿ ಸೋಮವಾರ ಸಂತೆಯಲ್ಲಿ ಒಂದು ಸುತ್ತು ಹಾಕಿಸಬೇಕು ಎಂದೆಲ್ಲ ಸಲಹೆ ಕೊಟ್ಟೆ. ಕೊನೆಯಲ್ಲಿ, ಇವರು ಯಾವ ಮನೆಯಲ್ಲಿ ಬೆಳೆದವರು, ಇವರಿಗೆ ಇದನ್ನು ಕಲಿಸಿದ ದೊಡ್ಡ ಮನುಷ್ಯ ಯಾರು, ಅವನ ಮುಖವನ್ನು ನಾನೊಮ್ಮೆ ನೋಡಬೇಕು ಎಂದೂ ಬರೆದೆ. ತಾವು ಅದನ್ನು ಅಕ್ಷರಶಃ ನೆರವೇರಿಸಿದಿರಿ, ಅದಕ್ಕೂ ನಾನು ಋಣಿ.

ಹುಲಿರಾಣಿಯನ್ನೂ ಕಾಡುಹಂದಿಯನ್ನೂ ತಾವು ಆಟದಿಂದ ಶಾಶ್ವತವಾಗಿ ಗಡಿಪಾರು ಮಾಡಿದಿರಿ. ಇಬ್ಬರೂ ಆಟಕ್ಕೆ ಸೇರಿದ್ದು ನಮ್ಮ ಊರಿನ ಪ್ರೌಢಶಾಲೆಗೆ ದಾನಿಗಳು ಕೊಟ್ಟ, ರಜೆಯಲ್ಲಿ ಮಕ್ಕಳು ಮನೆಗೂ ಒಯ್ಯುವ ಟ್ಯಾಬಿನಿಂದ ಎಂದು ಪತ್ತೆಯಾದ್ದರಿಂದ, ಶಿಸ್ತುಕ್ರಮ ಜರುಗಿಸಿ ಹದಿನೈದು ದಿನದಲ್ಲಿ ತಿಳಿಸಿರೆಂದು ಹೆಡ್‌ಮಾಸ್ಟರ್ ಲೋಕೇಶ್ ಅವರಿಗೆ ಪತ್ರ ಕಳಿಸಿದಿರಿ. ಲೋಕೇಶ್ ಮೇಷ್ಟ್ರು ಬಹಳ ಮೆತ್ತಗಿನ ಮನುಷ್ಯ, ಚಪ್ಪಲಿ ಸದ್ದು ಕೂಡ ಆಗದಂತೆ ನಡೆಯುವವರು. ಅವರು ಮಕ್ಕಳ ಹೆಸರಿದ್ದ ಹಾಳೆಯನ್ನು ಕವರಿನಲ್ಲಿ ಹಾಕಿ ಅಂಟಿಸಿಕೊಂಡು ನಮ್ಮ ಮನೆಗೆ ಬಂದು, ಇದನ್ನು ಕಾರ್ಯಾಧ್ಯಕ್ಷರಾದ ನಾನು ಮೊದಲು ಒಬ್ಬನೇ ನೋಡುವುದು ಒಳ್ಳೆಯದು ಎಂದರು. ನಾನು ಕವರನ್ನು ಮುಟ್ಟಲಿಲ್ಲ. ಹೆಸರು ನೋಡಿದರೆ ದಾಕ್ಷಿಣ್ಯ ಬರುತ್ತದೆ, ನಮ್ಮವರು ಪರರು ಎಂಬ ಭೇದ ಬರುತ್ತದೆ, ಆದ್ದರಿಂದ ಮೊದಲು ಸಭೆಯಲ್ಲಿ ಶಿಕ್ಷೆ ತೀರ್ಮಾನವಾಗಲಿ, ಆಮೇಲೆ ಕವರು ಒಡೆಯೋಣ ಎಂದು ದೊಡ್ಡ ಭಾಷಣ ಮಾಡಿದೆ. ಮೇಷ್ಟ್ರು ಗೇಟಿನವರೆಗೆ ಹೋದವರು ವಾಪಸ್ಸು ಬಂದು "ಇನ್ನೊಂದ್ಸಲ ಯೋಚ್ನೆ ಮಾಡಿ ಸಾರ್" ಎಂದರು. ನಾನು ಯೋಚನೆ ಮಾಡಲಿಲ್ಲ.

ಸಭೆ ಶಾಲೆಯ ಹೆಡ್‌ಮಾಸ್ಟರ್ ಕೋಣೆಯಲ್ಲಿ ಸೇರಿತು. ಹಳ್ಳದ ಮರಳನ್ನು ಯಾರಿಗೂ ತೊಂದರೆಯಾಗದ ಹೊತ್ತಿನಲ್ಲಿ ಟ್ರ್ಯಾಕ್ಟರಿಗೆ ತುಂಬಿಸುವ ಸದಸ್ಯ ಜವರಯ್ಯ, ಕಳ್ಳತನವೆಂದರೆ ಕಳ್ಳತನವೇ, ಮಕ್ಕಳನ್ನು ಪೊಲೀಸರಿಗೆ ಒಪ್ಪಿಸಬೇಕು ಎಂದರು. ಕಂಬದ ತಂತಿಗೆ ಕೊಕ್ಕೆ ಹಾಕಿ ಪಂಪ್ ಓಡಿಸುವ ಸದಸ್ಯ ಸೋಮಿ, ಒಂದು ತಿಂಗಳು ಧ್ವಜದ ಕಂಬದ ಕೆಳಗೆ ನಿಲ್ಲಿಸಿದರೆ ಪ್ರಾಮಾಣಿಕತೆ ತಾನಾಗಿ ಬರುತ್ತದೆ ಎಂದು ಅಭಿಪ್ರಾಯಪಟ್ಟರು. ಟೀ ತಂದಿಟ್ಟ ಬಿಸಿಯೂಟದ ಹುಚ್ಚಮ್ಮ ಇದನ್ನೆಲ್ಲ ಕೇಳಿಸಿಕೊಂಡು ನಿಂತಿದ್ದವಳು, "ಅಲ್ಲ ಸ್ವಾಮಿ, ಇಲ್ದಿರೋ ತ್ವಾಟ ಕದ್ರು ಅಂತ ಇರೋ ಮಕ್ಳನ್ನ ಓಡುಸ್ತೀರಾ?" ಎಂದು ಕೇಳಿಯೇಬಿಟ್ಟಳು. ಅವಳಿಗೆ ಕಾನೂನು ಗೊತ್ತಿಲ್ಲವೆಂದು ನಾನು ಗದರಿಸಿ ಕಳಿಸಿದೆ.

ಆಮೇಲೆ ಎದ್ದು ನಿಂತು ನಿರ್ಣಯವನ್ನು ನಾನೇ ಹೇಳಿ ಬರೆಸಿದೆ. ಮಕ್ಕಳಿಗಿಂತ ಹೆಚ್ಚಾಗಿ ಅವರ ಮನೆಯವರಿಗೆ ಚುರುಕು ಮುಟ್ಟಬೇಕೆಂಬ ಆಸೆಯಿಂದ ಒಂದೊಂದು ಪದವನ್ನೂ ತೂಗಿ ಇಟ್ಟೆ: "ಪರರ ಆಸ್ತಿಯನ್ನು ಹೆಜ್ಜೆ ಹೆಜ್ಜೆಯಾಗಿ ಕಬಳಿಸಿದವರು ಅದನ್ನು ಅದೇ ಪ್ರಕಾರ ಹೆಜ್ಜೆ ಹೆಜ್ಜೆಯಾಗಿ ಹಿಂದಿರುಗಿಸತಕ್ಕದ್ದು, ಪೂರ್ತಿ ಹಿಂದಿರುಗಿಸುವವರೆಗೆ ಅಂಥವರ ಮನೆಯ ವಿದ್ಯಾರ್ಥಿಯ ವರ್ಗಾವಣೆ ಪತ್ರದಲ್ಲಿ ನಡತೆ ಎಂಬ ಕಾಲಮ್ಮನ್ನು ಖಾಲಿ ಬಿಡತಕ್ಕದ್ದು." ತಮಗೆ ಶಾಲೆಯ ಅನುಭವವಿಲ್ಲದ ಕಾರಣ ತಿಳಿಸುತ್ತೇನೆ. ಹತ್ತನೆಯದು ಮುಗಿಸಿ ಹೋಗುವ ಮಗುವಿನ ಟಿ.ಸಿ.ಯಲ್ಲಿ ಆ ಕಾಲಂ ಇರುತ್ತದೆ. ಅದರಲ್ಲಿ "ತೃಪ್ತಿಕರ" ಎಂಬ ಒಂದು ಪದ ಇಲ್ಲದಿದ್ದರೆ ಯಾವ ಕಾಲೇಜಿನವರೂ ಮಗುವನ್ನು ಒಳಗೆ ಬಿಟ್ಟುಕೊಳ್ಳುವ ಮೊದಲು ನೂರು ಪ್ರಶ್ನೆ ಕೇಳುತ್ತಾರೆ. ನಾನು ಎಲ್ಲರಿಗಿಂತ ಮೊದಲು, ಹಸಿರು ಇಂಕಿನಲ್ಲಿ, ಎರಡು ಕಡೆ ಸಹಿ ಹಾಕಿದೆ. ನಂತರ ಮೇಷ್ಟ್ರು ಕವರು ಒಡೆದು ಓದಿದರು. ಕಾಡುಹಂದಿ ಎಂದರೆ ಜವರಯ್ಯನವರ ಮಗ ದಿಗಂತ್. ಹುಲಿರಾಣಿ ಎಂದರೆ ಚಂದನಾ, ತಂದೆಯ ಹೆಸರು ಸಿದ್ದಬಸಪ್ಪ.

ಜವರಯ್ಯ ನೀರು ಕುಡಿದು, ಪೊಲೀಸಿನ ಮಾತನ್ನು ಪುಸ್ತಕದಲ್ಲಿ ಬರೆದುಕೊಂಡಿದ್ದೀರಾ ಎಂದು ಕೇಳಿದರು. ಮಕ್ಕಳಿಬ್ಬರನ್ನೂ ಒಳಗೆ ಕರೆಸಿದರು. ಮೇಷ್ಟ್ರು ತಮ್ಮ ಕಂಪನಿಯಿಂದ ಬಂದ ಪತ್ರವನ್ನು ಓದಿ ಹೇಳಿದಾಗ ನನ್ನ ಮಗಳು ನನ್ನನ್ನೇ ನೋಡಿ, "ಅಯ್ಯೋ, ಆ ಕಾಫಿ ಚಕ್ರವರ್ತಿ ನೀವಾ ಅಪ್ಪ?" ಎಂದು ಅಷ್ಟು ಜನರ ಮುಂದೆ ನಕ್ಕಳು. ನಗು ನಿಂತ ಮೇಲೆ, ಬೇರೆಯವರ ಬೇಲಿಯನ್ನು ಯಾಕಮ್ಮ ಸರಿಸಿದೆ ಎಂದು ಮೇಷ್ಟ್ರು ಕೇಳಿದರು. ಅವಳು ಸುಳ್ಳು ಹೇಳುವ ಹುಡುಗಿಯಲ್ಲ. "ಮೂರು ದಿನದಿಂದ ಆ ಕಡೆ ಯಾರೂ ಬಂದಿರ್ಲಿಲ್ಲ ಸಾರ್. ಬೇಲಿನೂ ಅಲ್ಲಲ್ಲಿ ಬಿದ್ದಿತ್ತು. ಪೈಸಾರಿ ಅಂದ್ಕೊಂಡೆ" ಎಂದಳು. ಅವಳು ಹೇಳಿದ ಆ ಮೂರು ದಿನ ನಾನು ಪ್ಲಾಸ್ಟರ್ ಬಿಚ್ಚಿಸಿಕೊಳ್ಳಲು ಮಡಿಕೇರಿಯಲ್ಲಿದ್ದೆ, ಫೋನು ಸರ್ವಮಂಗಳಳ ಚೀಲದಲ್ಲಿತ್ತು.

ಮಿತ್ರಾ ಅವರೇ, ಪೈಸಾರಿ ಎಂಬ ಪದ ತಮ್ಮ ನಿಘಂಟಿನಲ್ಲಿ ಇರಲಾರದು. ಯಾರ ಹೆಸರಿನಲ್ಲೂ ಇಲ್ಲದ ಸರ್ಕಾರಿ ಜಾಗಕ್ಕೆ ಕೊಡಗಿನಲ್ಲಿ ಹಾಗೆನ್ನುತ್ತಾರೆ. ಇದು ಕಾಗದದ ಮೇಲಿನ ಅರ್ಥ. ನೆಲದ ಮೇಲಿನ ಅರ್ಥ, ಪಕ್ಕದವನಿಗಿಂತ ಮೊದಲು ಬೇಲಿ ಹಾಕಿದವನದು ಎಂದು. ನಮ್ಮಲ್ಲಿ ಯಾರನ್ನಾದರೂ ಎಷ್ಟು ಎಕರೆ ತೋಟ ಎಂದು ಕೇಳಿದರೆ ಎರಡು ಉತ್ತರ ಬರುತ್ತದೆ, ಒಂದು ಕಾಗದದ್ದು, ಇನ್ನೊಂದು ಸ್ವಲ್ಪ ದನಿ ತಗ್ಗಿಸಿ ಹೇಳುವ ಪೈಸಾರಿಯದು. ಆ ಪದ ಹುಡುಗಿಯ ಬಾಯಿಂದ ಬಿದ್ದ ಕೂಡಲೇ ಸೋಮಿ ಮೇಲೆ ಹಂಚು ಎಣಿಸತೊಡಗಿದರು, ಜವರಯ್ಯ ಇನ್ನೊಂದು ಲೋಟ ನೀರು ಕುಡಿದರು. ಇದನ್ನೆಲ್ಲ ಎಲ್ಲಿ ಕಲಿತೆ ಎಂದು ಮೇಷ್ಟ್ರು ಇನ್ನೂ ಮೆತ್ತಗೆ ಕೇಳಿದಾಗ, ಅವಳು ಪಾಠ ಒಪ್ಪಿಸಿದ ಹಾಗೆ ಒಪ್ಪಿಸಿದಳು: "ಅಪ್ಪ ಕಾಲು ಮುರ್ಕೊಂಡು ಮಲ್ಗಿದ್ದಾಗ ಹೇಳಿದ್ರು ಸಾರ್. ವರ್ಷಕ್ಕೆ ಎರಡೇ ಹೆಜ್ಜೆ ಇಡ್ಬೇಕಂತೆ. ಮಳೆಗೆ ಮುಂಚೆ ಒಂದು, ಮಳೆ ಬಿಟ್ಮೇಲೆ ಒಂದು, ಬೇಲಿ ರಿಪೇರಿ ಅಂತ. ದೊಡ್ಡ ಹೆಜ್ಜೆ ಇಟ್ಟೋರು ಸಿಕ್ಕಾಕ್ಕೊತಾರಂತೆ. ಹದ್ನೆಂಟು ವರ್ಷಕ್ಕೆ ಮೂವತ್ತಾರು ಹೆಜ್ಜೆ ಆಯ್ತು ಅಂದ್ರು, ಅದ್ಕೇ ನಾನೂ ಮೂವತ್ತಾರಕ್ಕೇ ನಿಲ್ಸ್ದೆ."

ಆ ಕೋಣೆಗೆ ಒಂದು ಕಿಟಕಿ ಇದೆ. ಅದರಿಂದ ನೋಡಿದರೆ ಶಾಲೆಯ ಆಟದ ಮೈದಾನ, ಮೈದಾನ ಮುಗಿದಲ್ಲಿ ನನ್ನ ಮುಳ್ಳುತಂತಿ ಬೇಲಿ, ಬೇಲಿಯಾಚೆ ನನ್ನ ರೋಬಸ್ಟಾ ಗಿಡಗಳು. ಶಾಲೆಗೆಂದು ಹಿರಿಯರು ಬಿಟ್ಟಿದ್ದ ಆ ಜಾಗಕ್ಕೆ ಸರಿಯಾದ ಕಾಗದ ಆಗಿರಲಿಲ್ಲ, ಆದ್ದರಿಂದ ನಾನೂ ಅದನ್ನು ಪೈಸಾರಿ ಅಂದುಕೊಂಡಿದ್ದೆ. ತಾಲ್ಲೂಕು ಕಚೇರಿಯಲ್ಲಿ ಏಳು ವರ್ಷದಿಂದ ಕೊಳೆಯುತ್ತಿರುವ ನನ್ನ ಅರ್ಜಿ, ಅದನ್ನು ಅಕ್ರಮ ಸಕ್ರಮದಲ್ಲಿ ನನ್ನ ಹೆಸರಿಗೆ ಮಾಡಿಕೊಡಿ ಎಂಬುದೇ. ಥ್ರೋಬಾಲ್ ಅಂಕಣದ ಒಂದು ಪಕ್ಕ ಈಗ ಬೇಲಿಗೆ ಒರಗಿಕೊಂಡಿದೆ. ಚೆಂಡು ಒಂದು ಸಲ ಎತ್ತರಕ್ಕೆ ಹೋದರೆ ನನ್ನ ತೋಟಕ್ಕೆ ಬೀಳುತ್ತದೆ. ಕಾಫಿ ಗಿಡದ ರೆಕ್ಕೆ ಕೊಂಬೆ ಮುರಿಯುತ್ತದೆಂದು ಬೈದು, ಹಾಗೆ ಬಿದ್ದ ಹನ್ನೊಂದು ಚೆಂಡುಗಳನ್ನು ನಾನು ಗೋಡೌನಿನಲ್ಲಿ ಇಟ್ಟುಕೊಂಡಿದ್ದೇನೆ. ಚೆಂಡಿಲ್ಲದ ಮಕ್ಕಳು ಊಟದ ಬಿಡುವಿನಲ್ಲಿ ಜಗಲಿಯಲ್ಲಿ ಕೂತು ಶಾಲೆಯ ಟ್ಯಾಬಿನಲ್ಲಿ ತಮ್ಮ ಕಂಪನಿಯ ಆಟ ಆಡತೊಡಗಿದರು. ಎಲ್ಲರೂ ಕಿಟಕಿಯ ಕಡೆ ನೋಡಿದರು, ಅಷ್ಟೇ. ನನಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ಹಸಿರು ಇಂಕಿನಲ್ಲಿ ನಾನೇ ಖಾಲಿ ಬಿಡಿಸಿದ ಆ ಕಾಲಮ್ಮನ್ನು ನೆನೆದು ಹೆದರಿಕೆಯಾಯಿತು.

ಆಮೇಲೆ ತಮಗೆ ಬರೆದ ಹನ್ನೆರಡು ದೂರುಗಳಿಗೂ ಇದೇ ಕಾರಣ. ನಿರ್ಣಯದ ಪ್ರಕಾರ ಮಗಳು ನನ್ನ ಮುಕ್ಕಾಲು ಎಕರೆಯನ್ನು ಹೆಜ್ಜೆ ಹೆಜ್ಜೆಯಾಗಿ ಹಿಂದಿರುಗಿಸಬೇಕು, ತಾವು ಅವಳನ್ನು ಶಾಶ್ವತವಾಗಿ ಗಡಿಪಾರು ಮಾಡಿರುವುದರಿಂದ ಅವಳು ತೋಟದೊಳಗೆ ಕಾಲಿಡುವಂತಿಲ್ಲ, ಕಾಲಿಡದೆ ಹಿಂದಿರುಗಿಸುವಂತಿಲ್ಲ, ಹಿಂದಿರುಗಿಸದೆ ಕಾಲಂ ತುಂಬುವಂತಿಲ್ಲ. ಮೂವತ್ತಾರು ದಿನದ ಮಟ್ಟಿಗೆ ಅವಳನ್ನು ಒಳಗೆ ಬಿಡಿ ಎಂದು ಕೇಳಿದೆ. "ಈ ತೀರ್ಮಾನ ಅಂತಿಮ" ಎಂದಿರಿ. ಅವಳ ಬದಲು ನನ್ನನ್ನು ಗಡಿಪಾರು ಮಾಡಿ ಎಂದೆ, "ನೀವು ನಮ್ಮ ಅಮೂಲ್ಯ ರೈತ" ಎಂದಿರಿ. ಹಾಗಾದರೆ ಆಟದಲ್ಲಿಯೂ ಒಂದು ಅಕ್ರಮ ಸಕ್ರಮ ಸಮಿತಿ ಮಾಡಿ, ಅರ್ಜಿ ನಮೂನೆ ಅಚ್ಚು ಹಾಕಿಸಿ, ಒಬ್ಬ ವರ್ಚುವಲ್ ತಹಸೀಲ್ದಾರರನ್ನು ನೇಮಿಸಿ, ಅವರು ವರ್ಚುವಲ್ ರಜೆಯಲ್ಲಿರುವಾಗ ನಾವು ವರ್ಚುವಲ್ ಬೆಂಚಿನ ಮೇಲೆ ಕಾಯುತ್ತೇವೆ, ಹುಡುಗಿ ತೆಗೆದುಕೊಂಡ ಜಾಗವನ್ನು ಅವಳ ಹೆಸರಿಗೇ ಮಾಡಿಕೊಡಿ, ನನ್ನ ಆಕ್ಷೇಪಣೆ ಇಲ್ಲವೆಂದು ಬರೆದುಕೊಡುತ್ತೇನೆ ಎಂದು ಅಂಗಲಾಚಿದೆ. ಅದೂ ಆಗದಿದ್ದರೆ ಕಡೆಗೆ ಒಂದು ಆನೆಯನ್ನಾದರೂ ಬಿಟ್ಟು ಆ ಬೇಲಿಯನ್ನು ತುಳಿಸಿಬಿಡಿ ಎಂದೆ. "ನಿಮ್ಮ ಸಲಹೆಯನ್ನು ನಮ್ಮ ತಂಡಕ್ಕೆ ತಲುಪಿಸಲಾಗಿದೆ" ಎಂದು ಬಂತು. ನಮ್ಮ ತಾಲ್ಲೂಕು ಕಚೇರಿಯವರು ಏಳು ವರ್ಷದಲ್ಲಿ ಹೇಳದೆ ಉಳಿಸಿಕೊಂಡದ್ದನ್ನು ತಾವು ಅರೆ ನಿಮಿಷದಲ್ಲಿ ಹೇಳಿದಿರಿ.

ಕೊನೆಗೆ ದಾರಿ ತೋರಿಸಿದವರು ಆ ಮೆತ್ತಗಿನ ಮೇಷ್ಟ್ರು. ಒಂದು ಸಂಜೆ ನಡಾವಳಿ ಪುಸ್ತಕವನ್ನು ಹಿಡಿದುಕೊಂಡು ಬಂದು, ನನ್ನ ನಿರ್ಣಯವನ್ನು ನನಗೇ ಓದಿ ಹೇಳಿ, "ಇದ್ರಲ್ಲಿ ಮೊಬೈಲು, ವರ್ಚುವಲ್ಲು ಅಂತ ಎಲ್ಲೂ ಬರ್ಸಿಲ್ವಲ್ಲ ಸಾರ್ ನೀವು. ಹೆಜ್ಜೆ ಹೆಜ್ಜೆಯಾಗಿ ಕಬಳಿಸಿದವರು ಅಂತಷ್ಟೇ ಇದೆ. ಅಂಥವರ ಮನೆಯ ವಿದ್ಯಾರ್ಥಿ ಅಂತ ಇದೆ" ಎಂದರು. ನಾನು ಪುಸ್ತಕವನ್ನು ಕಸಿದುಕೊಂಡು ಮೂರು ಸಲ ಓದಿದೆ. ವರ್ಚುವಲ್ ಎಂಬ ಪದ ಎಲ್ಲಿಯೂ ಇರಲಿಲ್ಲ, ನನ್ನ ಹಸಿರು ಸಹಿ ಎರಡು ಕಡೆ ಇತ್ತು. ನಿರ್ಣಯದಲ್ಲಿ ಯಾವ ಆಸ್ತಿ ಎಂದೂ ಹೇಳಿಲ್ಲವಾದ್ದರಿಂದ, ಈ ಮನೆಯವರು ಯಾವುದಾದರೂ ಮೂವತ್ತಾರು ಹೆಜ್ಜೆ ಹಿಂದಿರುಗಿಸಿದರೆ ಕಾಲಂ ತುಂಬಲು ಅಡ್ಡಿಯಿಲ್ಲ ಎಂದು ಮೇಷ್ಟ್ರು ಸರ್ವಮಂಗಳ ಕೊಟ್ಟ ಕಾಫಿ ಕುಡಿಯುತ್ತಾ ಹೇಳಿದರು. ಒಳಗಿನಿಂದ ಸರ್ವಮಂಗಳ, "ಏಣಿಯಿಂದ ಬಿದ್ದಿದ್ದು ಕಾಲಿಗೆ ಮಾತ್ರ ಆಯ್ತು ಅಂದ್ಕೊಂಡಿದ್ದೆ, ತಲೆಗೂ ಒಳ್ಳೇದಾಯ್ತು" ಎಂದಳು.

ಆದ್ದರಿಂದ ಜುಲೈ ಮೊದಲ ಭಾನುವಾರದಿಂದ, ವಾರಕ್ಕೆ ಒಂದು ಹೆಜ್ಜೆಯಂತೆ, ನನ್ನ ಬೇಲಿ ಹಿಂದಕ್ಕೆ ನಡೆಯುತ್ತಿದೆ. ಇಪ್ಪತ್ತೆಂಟು ಗೂಟ, ಅಷ್ಟಕ್ಕೂ ಮೂರು ಸುತ್ತು ಮುಳ್ಳುತಂತಿ. ಹಾರೆ ಹಾಕಿ ಗೂಟ ಅಲುಗಾಡಿಸುವುದು ನಾನು, ಎಳೆಯುವುದು ದಿಗಂತ್. ಇಲ್ಲಿ ಎರಡು ಬೆರಳಿಗೆ ಬರುವುದಿಲ್ಲ ಎಂಬುದು ಅವನಿಗೆ ಮೊದಲ ಗೂಟದಲ್ಲೇ ಮನವರಿಕೆಯಾಯಿತು. ಅವನ ತಂದೆ ಹೆಜ್ಜೆ ಹೆಜ್ಜೆಯಾಗಿ ಏನನ್ನೂ ತೆಗೆದುಕೊಂಡಿಲ್ಲ, ಟ್ರ್ಯಾಕ್ಟರಿನಲ್ಲಿ ತೆಗೆದುಕೊಂಡಿದ್ದಾರೆ. ಆದ ಕಾರಣ ಹುಡುಗನ ಕಾಲಮ್ಮನ್ನು ಈ ಕೂಲಿಗೇ ತುಂಬಿಸಿಕೊಡುವುದೆಂದು ತೀರ್ಮಾನವಾಗಿದೆ. ಹೆಜ್ಜೆ ಎಣಿಸಿ ಪುಸ್ತಕದಲ್ಲಿ ಗೀಟು ಹಾಕುವವಳು ನನ್ನ ಮಗಳು. ಇಲ್ಲಿಗೆ ಒಂಬತ್ತು ಹೆಜ್ಜೆ ಆಯಿತು, ಮೊದಲ ಸಾಲಿನ ಗಿಡಗಳು ಶಾಲೆಯ ಪಾಲಾದವು, ಮಕ್ಕಳು ಅವುಗಳಿಗೆ ಬ್ಯಾಗು ನೇತುಹಾಕುತ್ತಾರೆ. ಮೂವತ್ತಾರನೆಯ ಹೆಜ್ಜೆ ಬರುವ ಮಾರ್ಚಿಗೆ, ಅವಳ ಪರೀಕ್ಷೆಯ ಹೊತ್ತಿಗೆ. ಹನ್ನೊಂದು ಚೆಂಡುಗಳನ್ನೂ ಕೊಟ್ಟಿದ್ದೇನೆ. ನಾಲ್ಕಕ್ಕೆ ಗಾಳಿ ಇರಲಿಲ್ಲ, ಒಂದನ್ನು ಇಲಿ ಕಡಿದಿತ್ತು.

ಹದಿಹರೆಯದವರು ಇಲ್ಲದ ಆಸ್ತಿ ಕದ್ದರೆ ಹೇಗೆ ಶಿಕ್ಷಿಸಬೇಕು ಎಂದು ತಾವು ಕೇಳಿದ್ದ ಪ್ರಶ್ನೆಗೆ ನಾನು ಆ ದಿನ ಅವಸರದಲ್ಲಿ ಉತ್ತರ ಕೊಟ್ಟೆ. ಈಗ ತಿದ್ದಿಕೊಳ್ಳಲು ಅವಕಾಶ ಕೊಡಬೇಕು. ದಯವಿಟ್ಟು ಐದನೆಯ ಗುಂಡಿಯೊಂದನ್ನು ಇಟ್ಟು, ಅದನ್ನು ಒತ್ತಿದರೆ ದೂರು ಕೊಟ್ಟವನ ನಿಜವಾದ ಬೇಲಿ ಎಲ್ಲಿದೆ ಎಂದು ತೋರಿಸುವಂತೆ ಮಾಡಿರಿ. ಕೊಡಗಿನಿಂದ ತಮಗೆ ಬರುವ ದೂರುಗಳು ಅಂದಿಗೇ ನಿಂತುಹೋಗುತ್ತವೆ, ತಾವು ಆರಾಮವಾಗಿ ಇರಬಹುದು. ತಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡುತ್ತೀರಿ ಎಂದು ದಿನಾ ಕೇಳುತ್ತಿದ್ದೀರಲ್ಲ, ಐದಕ್ಕೆ ಐದೂ ಕೊಟ್ಟಿದ್ದೇನೆ. ಕಳ್ಳನನ್ನು ಇಷ್ಟು ಕರಾರುವಾಕ್ಕಾಗಿ ಅವನ ಮನೆಯಲ್ಲೇ ಹಿಡಿದುಕೊಟ್ಟವರು ಬೇರೆ ಯಾರೂ ಇಲ್ಲ.

ನಾಚಿಕೆ ಎಂಬುದು ತಮಗಿಲ್ಲದ ಕಾರಣ ಇಬ್ಬರ ಪಾಲನ್ನೂ ತಾನೇ ಪಟ್ಟುಕೊಂಡಿರುವ,

ತಮ್ಮ ವಿಶ್ವಾಸಿ,
ಸಿದ್ದಬಸಪ್ಪ
(ಮಾಜಿ ಕಾಫಿ ಚಕ್ರವರ್ತಿ)

ಮರೆತ ಮಾತು: ಮೊನ್ನೆ ಭಾನುವಾರ ಕಾಲು ನೋವೆಂದು ನೆಪ ಹೇಳಿ ಒಂದು ಗೇಣು ಚಿಕ್ಕ ಹೆಜ್ಜೆ ಇಟ್ಟೆ. ಮಗಳು ಒಪ್ಪಲಿಲ್ಲ. "ತಗೊಳ್ಳೋವಾಗ ಉದ್ದ ಹೆಜ್ಜೆ, ಕೊಡೋವಾಗ ಗಿಡ್ಡ ಹೆಜ್ಜೆ ನಡ್ಯಲ್ಲ ಅಪ್ಪ" ಎಂದು, ಇಪ್ಪತ್ತೆಂಟು ಗೂಟವನ್ನೂ ಮತ್ತೆ ಕೀಳಿಸಿ ನೆಡಿಸಿದಳು. ಈಗ ನನ್ನ ಹಳೆಯ ಹೆಜ್ಜೆಯ ಅಳತೆಗೆ ಒಂದು ಹಗ್ಗ ಮಾಡಿಟ್ಟುಕೊಂಡಿದ್ದಾಳೆ. ಲೋಕೇಶ್ ಮೇಷ್ಟ್ರು ಮಾದರಿಗೆಂದು ಟಿ.ಸಿ.ಯ ಖಾಲಿ ಹಾಳೆಯೊಂದನ್ನು ತೋರಿಸಿದರು. ನಡತೆಯ ಎದುರಿಗೆ ಪೆನ್ಸಿಲಿನಲ್ಲಿ "ಸುಧಾರಿಸುತ್ತಿದೆ" ಎಂದು ಬರೆದಿದ್ದಾರೆ. ಯಾರದು ಎಂದು ಕೇಳಿದೆ. ಮೆತ್ತಗೆ ನಕ್ಕು, ಮಾರ್ಚಿ ಬರಲಿ ಸಾರ್, ಹೆಸರು ಆಮೇಲೆ ಬರೆಯೋಣ ಎಂದರು.